ಕತ್ತಿಯನ್ನು ಕೆಳಗಿಟ್ಟ ಶಸ್ತ್ರವೈದ್ಯ

ಶಸ್ತ್ರವೈದ್ಯನೆಂದೊಡನೆ ನಮ್ಮ ಜನರ ಕಣ್ಣಿಗೆ ಕಟ್ಟುವುದು ಕತ್ತಿ, ಕತ್ತರಿ, ಹೊಲಿಗೆಯ ದಾರ. ಎಷ್ಟು ಆಳವಾಗಿ ಕೊಯ್ದನೋ ಅಷ್ಟು ದೊಡ್ಡ ವೈದ್ಯನೆಂಬ ಎಣಿಕೆಯು ಹಳ್ಳಿಗರಲ್ಲಿ ಮಾತ್ರವಲ್ಲ, ಕಲಿತವರೆನಿಸಿಕೊಂಡವರಲ್ಲಿಯೂ ಉಂಟು. ಈ ಎಣಿಕೆಯನ್ನು ತಲೆಕೆಳಗು ಮಾಡಿದ ಮಹನೀಯರೊಬ್ಬರ ಕಾರ್ಯವನ್ನು ಇಂದು ನಮ್ಮ ವಾಚಕರ ಮುಂದೆ ಇಡಬೇಕೆಂದಿದ್ದೇವೆ. ಅವರು ಮಕ್ಕಳ ಮೂಳೆ ಕೀಲುಗಳ ಶಸ್ತ್ರವೈದ್ಯರು. ಹೆಸರು ಇಗ್ನಾಸಿಯೋ ಪೊನ್ಸೆಟಿ. ಜನಿಸಿದುದು ಸ್ಪೇನ್ ದೇಶಕ್ಕೆ ಸೇರಿದ ಮಿನೋರ್ಕಾ ದ್ವೀಪದಲ್ಲಿ 1914ನೆಯ ಇಸವಿಯಲ್ಲಿ. ಕಾಲವಾದುದು ಅಮೇರಿಕದ ಅಯೋವಾ ಪ್ರಾಂತದಲ್ಲಿ 2009ರಲ್ಲಿ, ತೊಂಬತ್ತೈದು ವರ್ಷಗಳು ತುಂಬಿದ ಮೇಲೆ. ಪರದೇಶದ ವೈದ್ಯರೊಬ್ಬರ ಚರಿತ್ರೆಯಿಂದ ನಮಗೇನು ಎಂದು ಕೇಳುವವರಿಗೆ ಉತ್ತರವಿಷ್ಟೆ: ಅವರು ತೋರಿಸಿಕೊಟ್ಟ ಚಿಕಿತ್ಸೆಯು ಬೇಕಾದ ಕೂಸುಗಳು ನಮ್ಮ ತಾಲ್ಲೂಕುಗಳಲ್ಲಿಯೂ ವರ್ಷವರ್ಷವೂ ಹುಟ್ಟುತ್ತಿವೆ, ಅವುಗಳಲ್ಲಿ ಯಾವುದು ಓಡುವುದು, ಯಾವುದು ಕುಂಟುವುದು ಎಂಬುದು ಹುಟ್ಟಿದ ಮೊದಲ ಕೆಲವು ವಾರಗಳಲ್ಲಿ ದೊಡ್ಡವರು ಏನು ಮಾಡುವರೆಂಬುದನ್ನೇ ಬಹುಮಟ್ಟಿಗೆ ಅವಲಂಬಿಸಿದೆ.

ನಾವು ಹೇಳಹೊರಟಿರುವುದು ವಕ್ರಪಾದವೆಂಬ ಹುಟ್ಟು ಊನದ ವಿಷಯ. ಜನರಾಡುವ ಮಾತಿನಲ್ಲಿ ಸೊಟ್ಟಗಾಲು. ಕೂಸು ಹುಟ್ಟುವಾಗಲೇ ಪಾದವು ಒಳಕ್ಕೆ ತಿರುಗಿ, ಅಂಗಾಲು ಮತ್ತೊಂದು ಕಾಲನ್ನು ನೋಡುವಂತೆ ಮಗುಚಿಕೊಂಡು, ಹಿಮ್ಮಡಿಯು ಮೇಲಕ್ಕೆ ಸೆಳೆದುಕೊಂಡಿರುತ್ತದೆ. ಸಾವಿರ ಕೂಸುಗಳಿಗೆ ಸುಮಾರು ಒಂದರಂತೆ ಇದು ಕಂಡುಬರುವುದೆಂದು ವೈದ್ಯರ ಲೆಕ್ಕ. ಗಂಡುಮಕ್ಕಳಲ್ಲಿ ಹೆಣ್ಣುಮಕ್ಕಳಿಗಿಂತ ಹೆಚ್ಚುಕಡಮೆ ಎರಡರಷ್ಟು. ಸುಮಾರು ಅರ್ಧದಷ್ಟು ಕೂಸುಗಳಿಗೆ ಎರಡು ಪಾದಗಳೂ ಹಾಗೆಯೇ ಇರುವುವು. ನಮ್ಮ ದೇಶದಲ್ಲಿ ವರ್ಷಕ್ಕೆ ಎರಡು ಕೋಟಿಗೂ ಮಿಕ್ಕಿ ಕೂಸುಗಳು ಹುಟ್ಟುವುದರಿಂದ, ಇಂಥವು ಇಪ್ಪತ್ತು ಸಾವಿರಕ್ಕೆ ಕಡಮೆಯಾಗಲಾರವು ಎಂಬುದನ್ನು ಯಾವ ಗುಮಾಸ್ತನಾದರೂ ಗುಣಿಸಿ ಹೇಳಬಲ್ಲನು. ಈ ಊನದಿಂದ ಕೂಸಿಗೆ ನೋವಿಲ್ಲ. ಅದು ಅಳುವುದೂ ಇಲ್ಲ. ವಂಚನೆ ಇರುವುದು ಅಲ್ಲಿಯೇ. ಅಳದ ಕೂಸನ್ನು ಆಸ್ಪತ್ರೆಗೆ ಒಯ್ಯುವ ಆತುರ ಯಾರಿಗೆ? ನಾಮಕರಣವಾಗಲಿ, ಬಾಣಂತನ ಮುಗಿಯಲಿ, ಒಂದು ವರ್ಷ ತುಂಬಲಿ ಎನ್ನುತ್ತ ದಿನಗಳು ಕಳೆಯುವುವು. ಆ ಬಳಿಕ ಮಗು ನಿಲ್ಲಲು ತೊಡಗಿದಾಗ, ಅಂಗಾಲನ್ನು ಬಿಟ್ಟು ಪಾದದ ಹೊರಬದಿಯನ್ನು ನೆಲಕ್ಕೆ ಊರುವುದು ಕಂಡು ಮನೆಯವರ ಎದೆ ಝಲ್ಲೆನ್ನುವುದು.

ನಮ್ಮೊಡನೆ ಪಾಠಶಾಲೆಯಲ್ಲಿ ಅಮರಕೋಶವನ್ನು ಬಾಯಿಪಾಠ ಮಾಡುತ್ತಿದ್ದ ಹುಡುಗನೊಬ್ಬನಿಗೆ ಬಲಗಾಲು ಹೀಗೆಯೇ ಇತ್ತು. ಪಾದದ ಮೇಲ್ಮೈಯಲ್ಲಿ, ನಮಗೆಲ್ಲ ಮೆದುವಾದ ತೊಗಲಿರುವ ಎಡೆಯಲ್ಲಿ, ಅವನಿಗೆ ಜಡ್ಡುಗಟ್ಟಿತ್ತು. ಅವನಿಗೆ ಅಷ್ಟಾವಕ್ರನೆಂದು ಹೆಸರಿಟ್ಟ ಹುಡುಗರಲ್ಲಿ ನಾವೂ ಒಬ್ಬರೆಂಬುದನ್ನು ಮುಚ್ಚಿಡಲಾರೆವು. ತಾಯಿಯು ಬಸುರಿಯಾಗಿದ್ದಾಗ ಗ್ರಹಣದ ಹೊತ್ತಿನಲ್ಲಿ ಕಾಲು ಮಡಿಸಿ ಮಲಗಿದ್ದಳೆಂದು ಅವನ ಅಜ್ಜಿಯು ಹೇಳುತ್ತಿದ್ದರು. ಆ ಸಾಧ್ವಿಯು ಅದನ್ನು ನಂಬಿ ತನ್ನನ್ನು ತಾನೇ ಶಪಿಸಿಕೊಂಡು ಬಾಳಿದಳು. ಗ್ರಹಣಕ್ಕೂ ಪಾದಕ್ಕೂ ಯಾವ ಸಂಬಂಧವೂ ಇಲ್ಲ. ಹತ್ತನೆಯ ವಯಸ್ಸಿನಲ್ಲಿ ಪಟ್ಟಣದ ಆಸ್ಪತ್ರೆಯೊಂದರಲ್ಲಿ ಅವನ ಪಾದವನ್ನು ಬಿಚ್ಚಿ, ಕೀಲುಗಳನ್ನು ಸಡಿಲಿಸಿ, ಮೂಳೆಯನ್ನು ಕಡಿದು ನೇರ ಮಾಡಿದರು. ನೋಟಕ್ಕೆ ನೇರವಾಯಿತು. ಆದರೆ ಅದು ಕೊರಡಿನಂತೆ ಬಿಗಿದುಕೊಂಡಿತು. ಇಂದಿಗೂ ಅವನು ದೇವಸ್ಥಾನದ ಮೆಟ್ಟಿಲನ್ನು ಹತ್ತಬೇಕಾದರೆ ಮಗನ ಹೆಗಲನ್ನು ಹಿಡಿಯಬೇಕು. ಆ ವೈದ್ಯರಲ್ಲಿ ಅಲಕ್ಷ್ಯವಿತ್ತೆಂದು ನಾವು ಹೇಳುವುದಿಲ್ಲ. ಅಂದು ಭೂಮಂಡಲದ ದೊಡ್ಡ ದೊಡ್ಡ ಆಸ್ಪತ್ರೆಗಳಲ್ಲಿ ನಡೆಯುತ್ತಿದ್ದುದೂ ಅದೇ ಕ್ರಮವೇ.

ಮೂಳೆವೈದ್ಯಕ್ಕೆ ಇಂಗ್ಲಿಷಿನಲ್ಲಿರುವ ಆರ್ಥೊಪೀಡಿಕ್ಸ್ ಎಂಬ ಹೆಸರಿನ ಮೂಲವನ್ನು ವಿಚಾರಿಸಿದರೆ ಅದರಲ್ಲಿ ಮೂಳೆಯೇ ಇಲ್ಲ. ಫ್ರಾನ್ಸಿನ ನಿಕೊಲಾಸ್ ಆಂದ್ರಿ ಎಂಬ ವೈದ್ಯನು 1741ರಲ್ಲಿ, ಮಕ್ಕಳ ಅಂಗಗಳ ವಕ್ರತೆಯನ್ನು ತಡೆಯುವ ಮತ್ತು ತಿದ್ದುವ ಬಗೆಯನ್ನು ಕುರಿತು ಗ್ರಂಥವೊಂದನ್ನು ಬರೆದು, ಗ್ರೀಕ್ ಭಾಷೆಯಲ್ಲಿ 'ನೇರ' ಮತ್ತು 'ಮಗು' ಎಂಬರ್ಥದ ಎರಡು ಪದಗಳನ್ನು ಕೂಡಿಸಿ ಈ ಹೆಸರನ್ನು ರಚಿಸಿದನು. ಸೊಟ್ಟಗೆ ಬೆಳೆಯುತ್ತಿರುವ ಎಳೆಯ ಮರವನ್ನು ಗೂಟಕ್ಕೆ ಹಗ್ಗದಿಂದ ಕಟ್ಟಿರುವ ಚಿತ್ರವೊಂದು ಆ ಗ್ರಂಥದಲ್ಲಿದೆ. ಇಂದಿಗೂ ಮೂಳೆವೈದ್ಯರ ಸಂಘಗಳು ಅದನ್ನು ತಮ್ಮ ಲಾಂಛನವಾಗಿ ಇಟ್ಟುಕೊಂಡಿವೆ. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೆ ಎಂಬ ನಮ್ಮ ಗಾದೆಗೆ ಬರೆದ ಚಿತ್ರದಂತೆಯೇ ಅದಿರುವುದು. ಮಗುವೆಂದರೆ ಗಾತ್ರದಲ್ಲಿ ಸಣ್ಣದಾದ ದೊಡ್ಡ ಮನುಷ್ಯನಲ್ಲ. ಅದರ ಮೂಳೆಯು ಬೆಳೆಯುತ್ತಿರುವ ವಸ್ತು. ನವಜಾತ ಶಿಶುವಿನ ಪಾದದ ಎಷ್ಟೋ ಮೂಳೆಗಳು ಇನ್ನೂ ಮೃದ್ವಸ್ಥಿಯ ರೂಪದಲ್ಲಿಯೇ ಇರುತ್ತವೆ. ಯಾವ ಕಡೆಗೆ ಒತ್ತಡವೋ ಆ ಕಡೆಗೆ ಅದರ ಆಕಾರವು ಹೊಂದಿಕೊಳ್ಳುತ್ತದೆ. ಮಕ್ಕಳ ಮೂಳೆವೈದ್ಯನ ಬಂಡವಾಳವೆಲ್ಲ ಈ ಬೆಳವಣಿಗೆಯೇ.

ಆದುದರಿಂದ ಅವನ ಕೆಲಸದಲ್ಲಿ ಬಹುಭಾಗವು ಕೈತಡೆದು ನಿಲ್ಲುವುದೇ ಆಗಿದೆ. ಎರಡು ವರ್ಷದೊಳಗಿನ ಮಗುವಿನ ಮಂಡಿಗಳು ಹೊರಕ್ಕೆ ಬಿಲ್ಲಿನಂತೆ ಬಾಗಿದ್ದರೂ, ಮೂರು ನಾಲ್ಕು ವರ್ಷಕ್ಕೆ ಅವೇ ಒಂದಕ್ಕೊಂದು ತಗಲುವಂತಿದ್ದರೂ, ಸಾಮಾನ್ಯವಾಗಿ ಅವು ತಾವಾಗಿ ಸರಿಹೋಗುವುವು. ಚಪ್ಪಟೆ ಪಾದದ ವಿಷಯದಲ್ಲಿಯೂ ಹಾಗೆಯೇ. ಈ ಮಾತಿಗೆ ನಮ್ಮ ಕರ್ನಾಟಕದಿಂದಲೇ ಒಂದು ಸಾಕ್ಷ್ಯ ದೊರೆತಿರುವುದನ್ನು ಹೇಳದೆ ಮುಂದಕ್ಕೆ ಹೋಗಲು ಮನಸ್ಸೊಪ್ಪದು. ಮಣಿಪಾಲದ ವೈದ್ಯರಾದ ಯು. ಬಿ. ರಾವ್ ಮತ್ತು ಬೆಂಜಮಿನ್ ಜೋಸೆಫ್ ಎಂಬವರು ನಾಲ್ಕರಿಂದ ಹದಿಮೂರು ವರ್ಷದ 2300 ಮಕ್ಕಳ ಹೆಜ್ಜೆಗುರುತುಗಳನ್ನು ತೆಗೆದು ನೋಡಿ, 1992ರಲ್ಲಿ ಬ್ರಿಟನ್ನಿನ ಮೂಳೆವೈದ್ಯ ಪತ್ರಿಕೆಯಲ್ಲಿ ಪ್ರಕಟಿಸಿದರು. ಪಾದರಕ್ಷೆ ಮೆಟ್ಟುವ ಮಕ್ಕಳಲ್ಲಿ ನೂರಕ್ಕೆ 8.6ರಂತೆ ಚಪ್ಪಟೆ ಪಾದವಿದ್ದರೆ, ಬರಿಗಾಲಿನ ಮಕ್ಕಳಲ್ಲಿ 2.8ರಷ್ಟು ಮಾತ್ರ ಇತ್ತು. ಮೂರು ವರ್ಷದ ಕೂಸಿಗೆ ಬಿಗಿಯಾದ ಬೂಟು ತೊಡಿಸಿ ಹೆಮ್ಮೆಪಡುವ ನಮ್ಮ ಪಟ್ಟಣಿಗರು ಇದನ್ನು ಎರಡು ಸಲ ಓದಿಕೊಳ್ಳಲಿ.

ವಕ್ರಪಾದವು ಮಾತ್ರ ತಾನಾಗಿ ಸರಿಹೋಗುವ ಜಾತಿಯದಲ್ಲ. ಮೃದುವಾಗಿ ಕೈಯಿಂದ ತಿದ್ದಿ ಪಟ್ಟಿ ಕಟ್ಟಬೇಕೆಂದು ಎರಡು ಸಾವಿರ ವರ್ಷಗಳಿಗೂ ಹಿಂದೆ ಗ್ರೀಸ್ ದೇಶದ ಹಿಪ್ಪೊಕ್ರಟೀಸನ ಹೆಸರಿನಲ್ಲಿರುವ ಗ್ರಂಥಗಳಲ್ಲಿ ಹೇಳಿದೆ. ನಡುವೆ ಆ ಮಾತು ಮರೆತುಹೋಯಿತು. ತಿರುಚುವ ಯಂತ್ರಗಳು ಬಂದುವು. ಸ್ವತಃ ವಕ್ರಪಾದವಿದ್ದ ಲಿಟಲ್ ಎಂಬ ಇಂಗ್ಲಿಷ್ ವೈದ್ಯನು 1836ರಲ್ಲಿ ಜರ್ಮನಿಗೆ ಹೋಗಿ, ಸ್ಟ್ರೋಮಯರ್ ಎಂಬವನಿಂದ ಹಿಮ್ಮಡಿಯ ಸ್ನಾಯುರಜ್ಜುವನ್ನು ಕತ್ತರಿಸಿಕೊಂಡು ಗುಣಹೊಂದಿ, ತನ್ನ ದೇಶಕ್ಕೆ ಹಿಂದಿರುಗಿ ಆ ವಿದ್ಯೆಯನ್ನು ಹರಡಿದನು. ಅರಿವಳಿಕೆಯೂ ಸೋಂಕು ತಡೆಯುವ ಮದ್ದುಗಳೂ ಕೈಗೆ ಬಂದ ಮೇಲೆ ಇಪ್ಪತ್ತನೆಯ ಶತಮಾನದಲ್ಲಿ ಕತ್ತಿಗೆ ಧೈರ್ಯ ಹೆಚ್ಚಿತು. ಪಾದದ ಒಳಗಿನ ಕಟ್ಟುಗಳನ್ನೆಲ್ಲ ಬಿಡಿಸಿ ಮೂಳೆಗಳನ್ನು ಹೊಸದಾಗಿ ಜೋಡಿಸುವ ದೊಡ್ಡ ಶಸ್ತ್ರಕ್ರಿಯೆಗಳೇ ಬಳಕೆಗೆ ಬಂದುವು.

ಪೊನ್ಸೆಟಿಯವರ ತಂದೆ ಗಡಿಯಾರ ರಿಪೇರಿಯವರು. ಬಾಲ್ಯದಲ್ಲಿ ಅಂಗಡಿಯಲ್ಲಿ ಕುಳಿತು ಸಣ್ಣ ಸಣ್ಣ ಚಕ್ರಗಳನ್ನು ಬಿಡಿಸಿ ಕೂಡಿಸುವುದರಲ್ಲಿ ತಂದೆಗೆ ಇವರು ನೆರವಾಗುತ್ತಿದ್ದರು. ಬಾರ್ಸಿಲೋನಾದಲ್ಲಿ ವೈದ್ಯ ಪರೀಕ್ಷೆಯನ್ನು ಮುಗಿಸಿದುದೂ 1936ರ ಜುಲೈ ತಿಂಗಳಲ್ಲಿ ಸ್ಪೇನಿನ ಅಂತರ್ಯುದ್ಧವು ಸಿಡಿದುದೂ ಒಂದೇ ಹೊತ್ತಿನಲ್ಲಿ. ಪ್ರಜಾಪ್ರಭುತ್ವದ ಪಕ್ಷದಲ್ಲಿ ಸೈನ್ಯದ ವೈದ್ಯರಾಗಿ ಮುರಿದ ಮೂಳೆಗಳ ವಿಭಾಗದಲ್ಲಿ ದುಡಿದರು. 1939ರಲ್ಲಿ ಆ ಪಕ್ಷವು ಸೋತು ನೆಲಕಚ್ಚಿದಾಗ, ಗಾಯಾಳುಗಳನ್ನು ಶತ್ರುವಿನ ಕೈಗೆ ಬಿಟ್ಟು ಓಡಲು ಮನಸ್ಸು ಬಾರದೆ, ಸುಮಾರು ನಲವತ್ತು ಮಂದಿಯ ಮೂಳೆಗಳನ್ನು ಕಟ್ಟಿ, ಕಳ್ಳಸಾಗಾಣಿಕೆಯವರ ನೆರವಿನಿಂದ ಹೇಸರಗತ್ತೆಗಳ ಮೇಲೆ ಪಿರನೀಸ್ ಪರ್ವತವನ್ನು ದಾಟಿಸಿ ಫ್ರಾನ್ಸಿಗೆ ತಂದರು. ಬಳಿಕ ದೇಶಭ್ರಷ್ಟರಾಗಿ ಮೆಕ್ಸಿಕೋಗೆ ಹೋಗಿ ಸಣ್ಣ ಊರೊಂದರಲ್ಲಿ ಎರಡು ವರ್ಷ ವೈದ್ಯವೃತ್ತಿ ನಡೆಸಿ, 1941ರಲ್ಲಿ ಅಯೋವಾ ವಿಶ್ವವಿದ್ಯಾಲಯಕ್ಕೆ ಬಂದು ಸ್ಟೈಂಡ್ಲರ್ ಎಂಬ ಪ್ರಸಿದ್ಧ ಮೂಳೆವೈದ್ಯರ ಶಿಷ್ಯರಾದರು. ಸ್ವಾತಂತ್ರ್ಯಕ್ಕಾಗಿ ಸೆರೆಮನೆ ಕಂಡವರ ನಾಡಿನವರಾದ ನಮಗೆ, ಸೋತ ಪಕ್ಷದಲ್ಲಿ ನಿಂತು ಊರು ಬಿಟ್ಟವರ ದುಃಖವು ತಿಳಿಯದ್ದಲ್ಲ.

ಅಯೋವಾದಲ್ಲಿ ಇವರಿಗೆ ಒಪ್ಪಿಸಿದ ಮೊದಲ ಕೆಲಸವು ಕೀರ್ತಿ ತರುವಂಥದಾಗಿರಲಿಲ್ಲ. ಹಿಂದಿನ ಇಪ್ಪತ್ತು ವರ್ಷಗಳಲ್ಲಿ ಅದೇ ಆಸ್ಪತ್ರೆಯಲ್ಲಿ ವಕ್ರಪಾದಕ್ಕೆ ಚಿಕಿತ್ಸೆ ಹೊಂದಿದವರನ್ನು ಕರೆಸಿ ನೋಡಿ, ಅವರ ಪಾದಗಳು ಹೇಗಿವೆಯೆಂದು ಬರೆಯುವುದು. ಕೊಯ್ಯಿಸಿಕೊಂಡ ಪಾದಗಳು ಬಿಗಿದುಕೊಂಡಿದ್ದುವು, ಬಲಗುಂದಿದ್ದುವು, ನೋಯುತ್ತಿದ್ದುವು. ತನ್ನ ಗುರುವಿನ ಕೈಕೆಲಸವೇ ಹೀಗಾಗಿರುವುದನ್ನು ಕಂಡ ಶಿಷ್ಯನು ಸುಮ್ಮನಾಗಬಹುದಾಗಿತ್ತು. ಲೋಕದಲ್ಲಿ ಬಹುಮಂದಿ ಸುಮ್ಮನಾಗುವರು. ಇವರು ಸುಮ್ಮನಾಗಲಿಲ್ಲ. ಗರ್ಭದಲ್ಲಿಯೇ ಅಳಿದ ಶಿಶುಗಳ ವಕ್ರಪಾದಗಳನ್ನು ಛೇದಿಸಿ ಪರೀಕ್ಷಿಸಿದರು. ಪಾದದ ಮೂಳೆಗಳು ಬಾಗಿಲಿನ ತಿರುಗಣಿಯಂತೆ ಒಂದೊಂದಾಗಿ ಬೇರೆ ಬೇರೆ ತಿರುಗುವುವಲ್ಲ, ಒಂದು ಚಲಿಸಿದರೆ ಉಳಿದುವೂ ಅದರೊಡನೆ ಚಲಿಸುವುವು ಎಂಬುದನ್ನು ಕಂಡುಕೊಂಡರು. ಕೀಲುಗಳನ್ನು ಬಿಗಿಹಿಡಿದಿರುವ ಕಟ್ಟುನಾರನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಅದರ ಎಳೆಗಳು ಅಲೆಅಲೆಯಾಗಿದ್ದುವು. ಮೆಲ್ಲನೆ ಎಳೆದರೆ ಆ ಅಲೆಯು ನೇರವಾಗಿ ನಾರು ಉದ್ದವಾಗುತ್ತದೆ. ಕೆಲವು ದಿನ ಹಾಗೆಯೇ ಹಿಡಿದಿಟ್ಟರೆ ಆ ಹೊಸ ಉದ್ದದಲ್ಲಿ ಮತ್ತೆ ಅಲೆಯು ಮೂಡುತ್ತದೆ. ಆಗ ಮತ್ತಷ್ಟು ಎಳೆಯಬಹುದು. ವಾರಕ್ಕೊಮ್ಮೆ ಎಂಬ ಅವರ ನಿಯಮವು ಹುಟ್ಟಿದುದು ಇಲ್ಲಿಂದ.

ಚಿಕಿತ್ಸೆಯ ಕ್ರಮವು ಹೀಗೆ. ಹುಟ್ಟಿದ ಮೊದಲ ಒಂದೆರಡು ವಾರಗಳಲ್ಲಿಯೇ ಆರಂಭಿಸುವುದು ಉತ್ತಮ. ತಾಯಿಯು ಕೂಸಿಗೆ ಹಾಲು ಕುಡಿಸುತ್ತಿರುವಂತೆಯೇ ವೈದ್ಯನು ಪಾದವನ್ನು ಕೈಗೆ ತೆಗೆದುಕೊಳ್ಳುವನು. ಕಾಲಿನ ಹರಡಿನ ಮುಂದೆ, ಹೊರಬದಿಯಲ್ಲಿ, ಟಾಲಸ್ ಎಂಬ ಮೂಳೆಯ ತಲೆಯು ಕೈಗೆ ಸಿಗುತ್ತದೆ. ಅದರ ಮೇಲೆ ಹೆಬ್ಬೆರಳನ್ನಿಟ್ಟು ಅದನ್ನೇ ಗೂಟವನ್ನಾಗಿ ಮಾಡಿಕೊಂಡು, ಉಳಿದ ಪಾದವನ್ನು ಮೆಲ್ಲಮೆಲ್ಲನೆ ಹೊರಕ್ಕೆ ತಿರುಗಿಸುವನು. ಹಿಂದಿನವರು ಹೆಬ್ಬೆರಳನ್ನು ಇದಕ್ಕಿಂತ ಒಂದಂಗುಲ ಮುಂದೆ ಇಡುತ್ತಿದ್ದರು. ಅಷ್ಟರಿಂದಲೇ ಹಿಮ್ಮಡಿಯು ತಿರುಗದೆ ನಿಂತು ತಿಂಗಳುಗಟ್ಟಲೆಯ ಶ್ರಮವು ವ್ಯರ್ಥವಾಗುತ್ತಿತ್ತು. ಹೀಗೆ ಒಂದೆರಡು ನಿಮಿಷ ಹಿಡಿದು, ದೊರೆತಷ್ಟನ್ನು ಬಿಡದಂತೆ, ಬೆರಳಿನಿಂದ ತೊಡೆಯ ಬುಡದವರೆಗೆ ಮಂಡಿಯನ್ನು ಮಡಿಸಿ ಪ್ಲಾಸ್ಟರಿನ ಪಟ್ಟಿಯನ್ನು ಸುತ್ತುವರು. ವಾರ ಕಳೆದ ಮೇಲೆ ಬಿಚ್ಚಿ, ಮತ್ತಷ್ಟು ತಿರುಗಿಸಿ, ಮತ್ತೆ ಪಟ್ಟಿ. ಐದಾರು ಪಟ್ಟಿಗಳಲ್ಲಿ ಪಾದವು ಹೊರಮುಖವಾಗುತ್ತದೆ. ಆದರೂ ಹಿಮ್ಮಡಿಯು ಮೇಲಕ್ಕೆ ಸೆಳೆದೇ ಇರುವುದರಿಂದ, ಹತ್ತರಲ್ಲಿ ಎಂಟೊಂಬತ್ತು ಕೂಸುಗಳಿಗೆ ಅಲ್ಲಿನ ಸ್ನಾಯುರಜ್ಜುವನ್ನು ಚರ್ಮದ ಮೇಲಿನಿಂದಲೇ ಕಿರಿದಾದ ಅಲಗಿನಿಂದ ಕತ್ತರಿಸುವರು. ಆ ಎಡೆಯನ್ನು ಮಾತ್ರ ಮರಗಟ್ಟಿಸಿದರೆ ಸಾಕು. ಸಾಮಾನ್ಯವಾಗಿ ಹೊಲಿಗೆಯೂ ಬೇಡ. ಮೂರು ವಾರದ ಕೊನೆಯ ಪಟ್ಟಿಯೊಳಗೆ ಅದು ಬೇಕಾದ ಉದ್ದಕ್ಕೆ ತಾನೇ ಕೂಡಿಕೊಂಡು ಬೆಳೆಯುತ್ತದೆ. ಕತ್ತಿಯ ಪಾಲು ಇಲ್ಲಿ ಇಷ್ಟೇ.

ಮಥುರೆಯ ಬೀದಿಯಲ್ಲಿ ಶ್ರೀಕೃಷ್ಣನು ಕುಬ್ಜೆಯ ಪಾದಗಳನ್ನು ತನ್ನ ಪಾದದಿಂದ ಅದುಮಿ, ಗಲ್ಲದಡಿಯಲ್ಲಿ ಎರಡು ಬೆರಳುಗಳನ್ನಿಟ್ಟು ಮೇಲಕ್ಕೆತ್ತಿ ನೆಟ್ಟಗೆ ಮಾಡಿದ ಕಥೆಯನ್ನು ಭಾಗವತದಲ್ಲಿ ಕೇಳಿದವರಿಗೆ, ಒಂದೆಡೆ ಒತ್ತಿಹಿಡಿದು ಇನ್ನೊಂದೆಡೆ ಎತ್ತುವ ಈ ಯುಕ್ತಿಯು ಹೊಸದೆನಿಸಲಾರದು. ಭಗವಂತನಿಗೆ ಒಂದು ನಿಮಿಷ ಸಾಕಾಯಿತು; ಮನುಷ್ಯರಿಗೆ ಆರೆಂಟು ವಾರ ಬೇಕು.

ಇಷ್ಟು ಸುಲಭವಾದುದನ್ನು ಲೋಕವು ಕೂಡಲೇ ಅಪ್ಪಿಕೊಂಡಿತೆಂದು ವಾಚಕರು ಊಹಿಸಿದರೆ ತಪ್ಪು. 1963ರಲ್ಲಿ ಪೊನ್ಸೆಟಿಯವರು ತಮ್ಮ ಫಲಿತಾಂಶಗಳನ್ನು ಅಮೇರಿಕದ ಮುಖ್ಯ ಮೂಳೆವೈದ್ಯ ಪತ್ರಿಕೆಯಲ್ಲಿ ಪ್ರಕಟಿಸಿದರು. ಓದಿದವರು ಓದಿ ಬದಿಗಿಟ್ಟರು. ದೊಡ್ಡ ಶಸ್ತ್ರಕ್ರಿಯೆಯಲ್ಲಿ ಕೀರ್ತಿಯುಂಟು, ಹಣವುಂಟು, ನೋಡಲು ನೆರೆಯುವ ಶಿಷ್ಯರುಂಟು. ಹಸುಗೂಸಿನ ಪಾದವನ್ನು ಹಿಡಿದು ತಾಳ್ಮೆಯಿಂದ ಕೂರುವುದರಲ್ಲಿ ಏನಿದೆ? ಮೂವತ್ತು ವರ್ಷಗಳಿಗೂ ಹೆಚ್ಚು ಕಾಲ ಈ ವಿದ್ಯೆಯು ಬಹುಮಟ್ಟಿಗೆ ಅಯೋವಾದ ಗಡಿಯೊಳಗೇ ಉಳಿಯಿತು. 1995ರಲ್ಲಿ ಅಲ್ಲಿನ ಕೂಪರ್, ಡೀಟ್ಜ್ ಎಂಬ ವೈದ್ಯರು, ಶೈಶವದಲ್ಲಿ ಈ ಚಿಕಿತ್ಸೆ ಹೊಂದಿ ಸರಾಸರಿ ಮೂವತ್ತು ವರ್ಷ ದಾಟಿದ 45 ಮಂದಿಯ 71 ಪಾದಗಳನ್ನು ಪರೀಕ್ಷಿಸಿ ಬರೆದರು. ನೂರಕ್ಕೆ 78 ಮಂದಿಯ ಪಾದಗಳು ಚೆನ್ನಾಗಿದ್ದುವು. ಹುಟ್ಟಿನಿಂದಲೇ ಪಾದದ ಊನವಿಲ್ಲದವರನ್ನು ಅದೇ ಒರೆಗೆ ಹಚ್ಚಿದಾಗ ಬಂದ ಸಂಖ್ಯೆಯು 85. ಮರುವರ್ಷ ಪೊನ್ಸೆಟಿಯವರ ಗ್ರಂಥವು ಹೊರಬಂದಿತು. ಆದರೆ ವೈದ್ಯಲೋಕದ ಬಾಗಿಲನ್ನು ನಿಜವಾಗಿ ತಟ್ಟಿದವರು ವೈದ್ಯರಲ್ಲ, ತಾಯಿತಂದೆಗಳು. ತಮ್ಮ ಕೂಸನ್ನು ಕೊಯ್ಯಿಸಲೊಲ್ಲದೆ ಅಯೋವಾಕ್ಕೆ ಹೋಗಿ ಬಂದವರು, ಅಂತರ್ಜಾಲವು ಆಗತಾನೆ ಮನೆಮನೆಗೆ ಬರುತ್ತಿದ್ದ ಆ ದಿನಗಳಲ್ಲಿ, ತಮ್ಮ ಮಕ್ಕಳ ಪಾದಗಳ ಚಿತ್ರಗಳನ್ನು ಒಬ್ಬರಿಗೊಬ್ಬರು ತೋರಿಸಿದರು. ತಮ್ಮ ತಮ್ಮ ಊರಿನ ವೈದ್ಯರನ್ನು ಪ್ರಶ್ನಿಸತೊಡಗಿದರು. 1984ರಲ್ಲಿಯೇ ನಿವೃತ್ತರಾಗಿದ್ದ ಮುದುಕರು ಮತ್ತೆ ಆಸ್ಪತ್ರೆಗೆ ಬಂದು, ತೊಂಬತ್ತು ದಾಟಿದ ಮೇಲೆಯೂ ಕೂಸುಗಳ ಪಾದ ಹಿಡಿದು ಕಲಿಸುತ್ತಿದ್ದರು.

ಇನ್ನು ಈ ಚಿಕಿತ್ಸೆಯ ಕಠಿಣ ಭಾಗವನ್ನು ಹೇಳಬೇಕು. ಅದು ಆಸ್ಪತ್ರೆಯಲ್ಲಿ ನಡೆಯುವಂಥದಲ್ಲ. ನೇರವಾದ ಪಾದವು ತನ್ನ ಹಳೆಯ ವಕ್ರತೆಗೆ ಮರಳಲು ನಾಲ್ಕೈದು ವರ್ಷಗಳವರೆಗೆ ಹವಣಿಸುತ್ತಲೇ ಇರುತ್ತದೆ. ಅದನ್ನು ತಡೆಯಲು, ಹೆಗಲಿನಷ್ಟು ಅಗಲದ ಒಂದು ಸಲಾಕೆಯ ಎರಡು ತುದಿಗೂ ಪುಟ್ಟ ಬೂಟುಗಳನ್ನು ಹೊರಮುಖವಾಗಿ ಜೋಡಿಸಿ ಕೂಸಿಗೆ ತೊಡಿಸುವರು. ಮೊದಲ ಮೂರು ತಿಂಗಳು ದಿನಕ್ಕೆ ಇಪ್ಪತ್ತಮೂರು ಗಂಟೆ. ಅನಂತರ ನಾಲ್ಕು ವರ್ಷ ತುಂಬುವವರೆಗೆ ಮಲಗುವಾಗಲೆಲ್ಲ. ಅಯೋವಾದವರು 2004ರಲ್ಲಿ ಕೊಟ್ಟ ಲೆಕ್ಕದಲ್ಲಿ, ಇದನ್ನು ತಪ್ಪದೆ ತೊಡಿಸಿದ ಮನೆಗಳಲ್ಲಿ ನೂರಕ್ಕೆ ಆರು ಕೂಸುಗಳಿಗೆ ಮಾತ್ರ ವಕ್ರತೆಯು ಮರುಕಳಿಸಿತು. ತೊಡಿಸದೆ ಬಿಟ್ಟ ಮನೆಗಳಲ್ಲಿ ನೂರಕ್ಕೆ ಎಂಬತ್ತಕ್ಕೂ ಮಿಕ್ಕಿ. ನಡುರಾತ್ರಿಯಲ್ಲಿ ಕೂಸು ರಚ್ಚೆಹಿಡಿದಾಗ, ಅತ್ತೆಯು 'ಬಿಚ್ಚಿಬಿಡೇ, ಕಾಲು ಸರಿಯಾಗಿಯೇ ಇದೆಯಲ್ಲ' ಎಂದಾಗ, ಆ ತಾಯಿಯು ಏನು ಮಾಡುವಳೆಂಬುದರ ಮೇಲೆ ವೈದ್ಯನ ವಿದ್ಯೆಯೆಲ್ಲ ನಿಂತಿದೆ. ಅತ್ತೆಯಂದಿರನ್ನು ದೂರುವುದು ನಮ್ಮ ಉದ್ದೇಶವಲ್ಲ. ಅವರಿಗೆ ಯಾರೂ ಕುಳ್ಳಿರಿಸಿ ಹೇಳಿರುವುದಿಲ್ಲ. ಪಟ್ಟಿ ಕಟ್ಟುವ ದಿನ ತಾಯಿಯೊಡನೆ ಮನೆಯ ಹಿರಿಯರನ್ನೂ ಕರೆಸಿ ತಿಳಿಯಹೇಳುವ ಆಸ್ಪತ್ರೆಯು ಅರ್ಧ ಗೆದ್ದಂತೆಯೇ.

ಈ ಚಿಕಿತ್ಸೆಯು ಸಿರಿವಂತ ದೇಶಗಳ ಸೊತ್ತಾಗಿ ಉಳಿಯದೆ ಬಡದೇಶಗಳಲ್ಲಿ ಬೇರೂರಿದುದು ನಮಗೆ ಸಂತೋಷದ ಸಂಗತಿ. ಮೂಳೆವೈದ್ಯರು ಬೆರಳೆಣಿಕೆಯಷ್ಟಿದ್ದ ಆಫ್ರಿಕದ ಉಗಾಂಡ, ಮಲಾವಿ ದೇಶಗಳಲ್ಲಿ, ಡಾಕ್ಟರ ಪದವಿಯಿಲ್ಲದ ಮೂಳೆಚಿಕಿತ್ಸಾ ಸಹಾಯಕರಿಗೆ ಪಟ್ಟಿ ಕಟ್ಟುವುದನ್ನು ಕಲಿಸಿ ಸತ್ಫಲವನ್ನು ಪಡೆದರು. ಪರದೇಶದ ಬೂಟುಗಳ ಬೆಲೆಯು ಎಟುಕದೆಂದು, ಅಲ್ಲಿಯೇ ದೊರೆಯುವ ತೊಗಲಿನಿಂದಲೂ ಕಬ್ಬಿಣದ ಸಲಾಕೆಯಿಂದಲೂ ಸ್ಥಳೀಯ ಕುಶಲಕರ್ಮಿಗಳು ಮಾಡಬಲ್ಲ ಜೋಡನ್ನು ಸ್ಟೀನ್‌ಬೀಕ್ ಎಂಬವರು ಉಗಾಂಡದಲ್ಲಿ ರೂಪಿಸಿದರು. ಆ ಮಾದರಿಯ ಜೋಡುಗಳು ನಮ್ಮ ದೇಶದಲ್ಲಿಯೂ ಬಳಕೆಗೆ ಬಂದಿವೆ. ಸ್ವದೇಶಿ ಎಂಬ ಮಾತಿಗೆ ನಮ್ಮ ಪತ್ರಿಕೆಯು ಕೊಡುವ ಅರ್ಥವು ಇದೇ: ವಿದ್ಯೆಯು ಎಲ್ಲಿಂದಲಾದರೂ ಬರಲಿ, ಅದನ್ನು ನಡೆಸುವ ಕೈ ನಮ್ಮೂರಿನದಾಗಿರಲಿ.

ನಮ್ಮಲ್ಲಿ ಇದಕ್ಕೆ ಕಾಗದದ ಮೇಲೆ ಏರ್ಪಾಡಿಲ್ಲದೆ ಇಲ್ಲ. 2013ರ ಫೆಬ್ರವರಿಯಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ, ಹುಟ್ಟಿನ ಊನಗಳ ಪಟ್ಟಿಯೊಳಗೆ ವಕ್ರಪಾದವನ್ನೂ ಸೇರಿಸಿದ್ದಾರೆ. ಹೆರಿಗೆಯಾದ ಆಸ್ಪತ್ರೆಯಲ್ಲಿಯೇ ಕೂಸನ್ನು ಅಡಿಯಿಂದ ಮುಡಿಯವರೆಗೆ ನೋಡತಕ್ಕದ್ದು, ಆಶಾ ಕಾರ್ಯಕರ್ತೆಯು ಮನೆಗೆ ಹೋದಾಗ ನೋಡತಕ್ಕದ್ದು, ಊನವಿದ್ದರೆ ಜಿಲ್ಲಾ ಕೇಂದ್ರಕ್ಕೆ ಕಳುಹಿಸತಕ್ಕದ್ದು ಎಂದು ಅದರ ನಿಯಮ. ಬರೆದವರು ಚೆನ್ನಾಗಿಯೇ ಬರೆದಿದ್ದಾರೆ. ಈ ಪತ್ರಿಕೆಯನ್ನು ಓದುವ ಅಧಿಕಾರಿ ಮಹಾಶಯರು ತಮ್ಮ ತಮ್ಮ ತಾಲ್ಲೂಕಿನಲ್ಲಿ ಒಂದು ದಿನ ಬಿಡುವು ಮಾಡಿಕೊಂಡು ವಿಚಾರಿಸಬೇಕಾದುದು ಇಷ್ಟು. ಕಳೆದ ವರ್ಷ ಇಲ್ಲಿ ಎಷ್ಟು ಹೆರಿಗೆಗಳಾದುವು, ಅವುಗಳಲ್ಲಿ ಎಷ್ಟು ವಕ್ರಪಾದಗಳನ್ನು ದಾಖಲೆಗೆ ತಂದರು? ಸಾವಿರಕ್ಕೆ ಒಂದರ ಲೆಕ್ಕಕ್ಕೆ ಅದು ತೀರ ಕಡಮೆಯಾಗಿದ್ದರೆ ಊನವು ಕಡಮೆಯಾದುದಲ್ಲ, ನೋಡುವ ಕಣ್ಣು ಕಡಮೆಯಾದುದೆಂದು ತಿಳಿಯಬೇಕು. ದಾಖಲೆಗೆ ಬಂದ ಕೂಸುಗಳಲ್ಲಿ ಕೊನೆಯ ಪಟ್ಟಿಯವರೆಗೆ ಬಂದವೆಷ್ಟು? ಎರಡನೆಯ ವರ್ಷ ಪಾದ ಬೆಳೆದಾಗ ದೊಡ್ಡ ಅಳತೆಯ ಜೋಡು ಅವುಗಳಿಗೆ ದೊರೆಯಿತೆ? ಚಿಕಿತ್ಸೆಗೆ ಆಸ್ಪತ್ರೆಯು ಹಣ ಕೇಳದಿದ್ದರೂ, ಐದಾರು ವಾರ ವಾರಕ್ಕೊಮ್ಮೆ ಬಾಣಂತಿಯು ಕೂಸನ್ನೆತ್ತಿಕೊಂಡು ಜಿಲ್ಲಾ ಪಟ್ಟಣಕ್ಕೆ ಬರಬೇಕು; ಜೊತೆಗೆ ಬರುವ ಗಂಡನಿಗೋ ತಾಯಿಗೋ ಆ ದಿನದ ಕೂಲಿ ಹೋಯಿತು; ಬಂದ ದಿನ ಪಟ್ಟಿ ಕಟ್ಟುವವರು ರಜೆಯಲ್ಲಿದ್ದರೆ ಮುಂದಿನ ವಾರ ಆಕೆಯು ಬರುವಳೆಂಬ ನಂಬಿಕೆಯಿಲ್ಲ. ವಾರದಲ್ಲಿ ಒಂದು ದಿನವನ್ನು ಗೊತ್ತುಪಡಿಸಿ, ಆ ದಿನ ಏನಾದರೂ ತಪ್ಪದಂತೆ ನಡೆಸುವುದಕ್ಕೆ ಹೊಸ ಕಟ್ಟಡವೂ ಬೇಡ, ಹೊಸ ಕಾಯಿದೆಯೂ ಬೇಡ.

ಕತ್ತಿಗೆ ಕೆಲಸವೇ ಇಲ್ಲವೆಂದು ನಾವು ಹೇಳಿದೆವೆಂದು ಯಾರೂ ತಿಳಿಯಬಾರದು. ಮರುಕಳಿಸಿದ ಕೆಲವು ಪಾದಗಳಿಗೆ ಮೂರು ನಾಲ್ಕು ವರ್ಷದ ಮೇಲೆ ಒಂದು ಸ್ನಾಯುರಜ್ಜುವನ್ನು ಸ್ಥಳ ಬದಲಿಸಿ ಕಟ್ಟಬೇಕಾಗುವುದು. ಬೇರೆ ರೋಗದೊಡನೆ ಬಂದ ವಕ್ರಪಾದಗಳು ಪಟ್ಟಿಗೆ ಸುಲಭವಾಗಿ ಬಗ್ಗುವುದಿಲ್ಲ. ಹಾಗೆಯೇ, ತಡವಾಯಿತೆಂದು ಕೈಚೆಲ್ಲಿ ಕುಳಿತ ತಾಯಿತಂದೆಗಳಿಗೂ ಒಂದು ಮಾತು. ನಡೆಯಲು ಕಲಿತ ಮಕ್ಕಳಲ್ಲಿಯೂ, ಐದಾರು ವರ್ಷ ಮೀರಿದ ಎಷ್ಟೋ ಮಕ್ಕಳಲ್ಲಿಯೂ, ಇದೇ ಪಟ್ಟಿಯ ಕ್ರಮದಿಂದ ಪಾದಗಳು ನೇರವಾಗಿರುವುದುಂಟು; ಪಟ್ಟಿಗಳು ಹೆಚ್ಚು ಬೇಕಾದಾವು, ಶಸ್ತ್ರದ ನೆರವೂ ಕೊಂಚ ಬೇಕಾದೀತು. ಅಂಥ ಮಗುವನ್ನು ಮಕ್ಕಳ ಮೂಳೆವೈದ್ಯರಿಗೆ ಒಮ್ಮೆ ತೋರಿಸದೆ ಇರಕೂಡದು. ತೋರಿಸಲು ಹೋಗುವಾಗ ಹಿಂದೆ ಕಟ್ಟಿದ್ದ ಪಟ್ಟಿಗಳ ಚೀಟಿಗಳಿದ್ದರೆ ಅವನ್ನೂ, ಮಗು ಈಗ ಮೆಟ್ಟುತ್ತಿರುವ ಚಪ್ಪಲಿಯನ್ನೂ ಜೊತೆಗೆ ಒಯ್ಯಲಿ. ಚಪ್ಪಲಿಯು ಎಲ್ಲಿ ಸವೆದಿದೆಯೆಂಬುದನ್ನು ನೋಡಿಯೇ ವೈದ್ಯರು ಮಗುವಿನ ನಡಗೆಯನ್ನು ಅರ್ಧ ಓದಿಕೊಳ್ಳಬಲ್ಲರು.